ಎರೆಮಣ್ಣಿನ ಟ್ರ್ಯಾಕಿಗೆ ಯಾವ ಚಾಸಿ?

ರಿಮೋಟಿನಿಂದ ಓಡಿಸುವ, ನಿಜ ಕಾರಿನ 1/10 ಅಳತೆಯ ಟೂ-ವೀಲ್ ಡ್ರೈವ್ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತವಿರುವ) ರೇಸ್ ಬಗ್ಗಿಗಳಲ್ಲಿ ಈಗ ಹೆಚ್ಚಾಗಿ ಬರುವುದು ಮೋಟಾರು ನಡುವೆ ಕೂತ ಚಾಸಿ, ಅಂದರೆ ಬಿಡಿಭಾಗಗಳನ್ನೆಲ್ಲ ಕೂರಿಸುವ ಅಡಿಚೌಕಟ್ಟು. ಕಾರ್ಪೆಟ್ಟು, ಕೃತಕ ಹುಲ್ಲಿನ ಮೇಲೆ ಅದು ತಿರುವಿನಲ್ಲಿ ಚೆನ್ನಾಗಿ ಹಿಡಿತ ಕೊಡುತ್ತದೆ. ಆದರೆ ಬೇಸಿಗೆಯಲ್ಲಿ ಹುಬ್ಬಳ್ಳಿಯ ಎರೆಮಣ್ಣು ಪುಡಿಪುಡಿಯಾಗಿರುವಾಗ ಹಿಂದಿನ ಚಕ್ರಗಳ ಮೇಲೆ ಭಾರ ಸಾಲದು. ಥ್ರಾಟಲ್ ಒತ್ತಿದೊಡನೆ ಹಿಂಬದಿ ಜಾರುತ್ತದೆ. ಅಂಥಲ್ಲಿ ಮೋಟಾರು ಹಿಂದಿನ ಆಕ್ಸಲ್ಲಿನ ಆಚೆಗಿರುವ ಹಳೆಯ ವಿನ್ಯಾಸವೇ ಮೇಲು. ಮುಂದಿನ ಚಕ್ರಗಳ ಹಿಡಿತ ತಪ್ಪಿದರೆ ಮೂತಿಯ ಬಳಿ 20–30 ಗ್ರಾಂ ಹಿತ್ತಾಳೆ ತೂಕ ಕೂರಿಸಿ.

ಇನ್ನು ಚಾಸಿ ಯಾವುದರದ್ದಿರಬೇಕು? 7075 ಎಂಬ ಗಟ್ಟಿ ಮಿಶ್ರಲೋಹದ ಅಲ್ಯೂಮಿನಿಯಂ ತಟ್ಟೆ ಬಿಗಿ, ತೂಕವೂ ಕೆಳಗೆ ಉಳಿಯುತ್ತದೆ. ನುಣುಪು ಟ್ರ್ಯಾಕಿಗೆ ಅದೇ ಸರಿ. ಜಂಪಿನಿಂದ ಕೆಟ್ಟದಾಗಿ ಬಿದ್ದರೆ ಮಾತ್ರ ಬಾಗುತ್ತದೆ, ಅದು ಬೇಗ ಕಣ್ಣಿಗೆ ಬೀಳದು. ಬಿಚ್ಚಿ, ಗಾಜಿನ ಮೇಲಿಟ್ಟು ನೋಡಿ. ಧಾರವಾಡದ ಕಡೆಯ ಗುಂಡಿಬಿದ್ದ ಕೆಮ್ಮಣ್ಣಿಗೆ ಬಳುಕುವ ಕಾಂಪೋಸಿಟ್ ಪ್ಲಾಸ್ಟಿಕ್ಕೇ ವಾಸಿ. ಆದರೆ ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ.