ನ್ಯೂಗ್ರೇಂಜ್ ಟೂರ್: ಬೆಂಗಳೂರಿನಿಂದ ಹೋಗುವವರಿಗೆ

ಐರ್ಲೆಂಡಿನ ಈ 5,200 ವರ್ಷ ಹಳೆಯ ಕಲ್ಲುಗೋರಿಗೆ ನೇರವಾಗಿ ಹೋದರೆ ಒಳಗೆ ಬಿಡುವುದಿಲ್ಲ. ವಿಸಿಟರ್ ಸೆಂಟರಿನ ಶಟಲ್ ಬಸ್ಸಿನಲ್ಲೇ ಹೋಗಬೇಕು. ಇಲ್ಲಿಂದಲೇ ಆನ್‌ಲೈನ್ ಬುಕ್ ಮಾಡಿ. ಟಿಕೆಟ್‌ನಲ್ಲಿ ಒಳಕೋಣೆ ಸೇರಿದೆಯೇ ನೋಡಿಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯದು.

ಒಳಕೋಣೆಗೆ ಹೋಗುವ 19 ಮೀಟರ್ ಓಣಿ ಅಲ್ಲಲ್ಲಿ ತೀರಾ ಇಕ್ಕಟ್ಟು. ತಲೆ ಬಗ್ಗಿಸಿ, ಮೈ ಓರೆ ಮಾಡಿ ನಡೆಯಬೇಕು. ಕೋಣೆಯಲ್ಲಿ ಕತ್ತೆತ್ತಿ ನೋಡಿ: ಗಾರೆಯಿಲ್ಲದೆ ಒಂದರ ಮೇಲೊಂದು ಒಳಚಾಚಿದ ಚಪ್ಪಡಿಗಳು 6 ಮೀಟರ್ ಎತ್ತರದಲ್ಲಿ ಕೂಡಿಕೊಂಡಿವೆ. ಓಣಿಯ ಚಾವಣಿಗಲ್ಲುಗಳ ಮೇಲ್ಗಡೆ ನೀರು ಹರಿದುಹೋಗಲು ಕಾಲುವೆ ಕೊರೆದು, ಸಂದುಗಳಿಗೆ ಸುಟ್ಟ ಮಣ್ಣು, ಕಡಲ ಮರಳು ತುಂಬಿದ್ದರು. ಎಂಥ ಕೆಲಸ! ದೀಪ ಆರಿಸಿ, ಡಿಸೆಂಬರ್ ಸೂರ್ಯೋದಯದಲ್ಲಿ ಓಣಿಯುದ್ದಕ್ಕೂ ಒಳಬರುವ ಕಿರಣವನ್ನು ಬಲ್ಬಿನಿಂದ ತೋರಿಸುತ್ತಾರೆ. ಅಸಲಿ ಬೆಳಕಿಗೆ ಲಾಟರಿ ಹಾಕಬೇಕು. ಹೊರಗಿನ ಬಿಳಿ ಗೋಡೆ ಮಾತ್ರ ಕಾಂಕ್ರೀಟ್ ಆಸರೆಯಿಟ್ಟು ನಮ್ಮ ಕಾಲದಲ್ಲೇ ಮರಳಿ ಕಟ್ಟಿದ್ದು. ಗೈಡ್ ಹೇಳದಿದ್ದರೆ ಕೇಳಿ.