ಮುಳ್ಳು ಮೇಲೇಳದ ವೇಗ: ದೋಣಿಯಲ್ಲಿ ಮೂರು ಬಗೆಯ ಸ್ಪೀಡೋಮೀಟರ್

ಮಿಷಿಗನ್ ರಾಜ್ಯದ ಸೇಂಟ್ ಕ್ಲೇರ್ ಸರೋವರದಲ್ಲಿ ವಾಲ್‌ಐ ಮೀನಿಗಾಗಿ ದೋಣಿಯ ಹಿಂದೆ ಗಾಳ ಎಳೆದುಕೊಂಡು ಸಾಗುವಾಗ ನನಗೆ ಬೇಕಾದ ವೇಗ ಗಂಟೆಗೆ ಒಂದೂವರೆಯಿಂದ ಎರಡು ಮೈಲಿ. ದೋಣಿಯ ಜೊತೆಗೇ ಬಂದಿದ್ದ ಸ್ಪೀಡೋಮೀಟರಿನ ಮುಳ್ಳಾದರೋ ಹತ್ತು ಮೈಲಿಯ ಆಸುಪಾಸಿಗೆ ಹೋಗುವವರೆಗೆ ಅಲುಗಾಡುತ್ತಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಜಿಪಿಎಸ್ ಮಾಪಕ ಕೂರಿಸಿದ ಮೇಲೆ ಬೇರೆಯದಕ್ಕೆ ಮನಸ್ಸು ಒಲಿಯುತ್ತಿಲ್ಲ. ಈ ಹೋಲಿಕೆಯನ್ನು ಓದುವಾಗ ಅದು ಗಮನದಲ್ಲಿರಲಿ.

ಹಳೆಯದು ಪಿಟೋ ನಳಿಗೆಯ ಮಾಪಕ. ಎಂಜಿನ್ನಿನ ಮುಳುಗಿದ ಭಾಗದಲ್ಲಿ, ಮುಂಬದಿಗೆ ಒಂದು ಸಣ್ಣ ತೂತಿರುತ್ತದೆ. ಅದಕ್ಕೆ ಎದುರಾಗುವ ನೀರಿನ ಒತ್ತಡ ತೆಳುವಾದ ಪೈಪಿನ ಮೂಲಕ ಡಯಲ್ಲನ್ನು ತಲುಪುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, 2 ಮೈಲಿಯಲ್ಲಿ ಹುಟ್ಟುವ ಒತ್ತಡ 40 ಮೈಲಿಯಲ್ಲಿ ಹುಟ್ಟುವುದರ ನಾನೂರರಲ್ಲಿ ಒಂದು ಪಾಲು ಮಾತ್ರ. ಅಷ್ಟಕ್ಕೆ ಮುಳ್ಳು ಏಳದಿರುವುದು ಅದರ ತಪ್ಪೇನೂ ಅಲ್ಲ.

ನನ್ನನ್ನು ರೇಗಿಸಿದ್ದು ಆ ತೂತು. ಸರೋವರದ ಸರಾಸರಿ ಆಳ ಸುಮಾರು 11 ಅಡಿಯಷ್ಟೇ ಆದ್ದರಿಂದ ಬೇಸಿಗೆಯಲ್ಲಿ ತಳದ ಸಸ್ಯಗಳು ದಟ್ಟವಾಗಿ ಮೇಲೆದ್ದು ಬರುತ್ತವೆ, ಕೆಸರೂ ಬೇಗ ಕದಡುತ್ತದೆ. ಒಂದು ಶನಿವಾರ ದೋಣಿ ಪೂರಾ ವೇಗದಲ್ಲಿ ಓಡುತ್ತಿದ್ದಾಗಲೂ ಮುಳ್ಳು ಸೊನ್ನೆಯಲ್ಲೇ ಕುಳಿತಿತ್ತು. ದಡಕ್ಕೆ ಬಂದು ಸಪೂರ ತಂತಿ ತೂರಿಸಿದೆ; ಕೊಳೆ ಇನ್ನೂ ಒಳಗೆ ಸರಿಯಿತು. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಡಯಲ್ಲಿನ ಹಿಂಬದಿಯಿಂದ ಪೈಪನ್ನು ಕಳಚಿ, ಆ ತುದಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದಾಗ ಕಡಲೆಬೇಳೆ ಗಾತ್ರದ ಕಪ್ಪು ಕೆಸರಿನ ಬಿರಡೆ ಹಾರಿ ಹೊರಬಿತ್ತು. ಪೈಪನ್ನು ಕಳಚದೆ ಗಾಳಿ ಹೊಡೆದರೆ ಡಯಲ್ಲೇ ಹಾಳಾಗುತ್ತದೆ. ಅದೇ ಬೇಸಿಗೆಯಲ್ಲಿ ಇದೇ ಸೇವೆಯನ್ನು ಇನ್ನೂ ಮೂರು ಸಲ ಮಾಡಿದೆ.

ಗೆಳೆಯರೊಬ್ಬರ ದೋಣಿಯಲ್ಲಿ ನೀರು ತಿರುಗಿಸುವ ಪುಟ್ಟ ಚಕ್ರದ ಮಾಪಕವಿದೆ. ಚೊಕ್ಕವಾಗಿರುವಾಗ ನಿಧಾನ ವೇಗವನ್ನೂ ಚೆನ್ನಾಗಿಯೇ ತೋರಿಸುತ್ತದೆ. ಒಂದು ಎಳೆ ಜೊಂಡು ಸುತ್ತಿಕೊಂಡರೆ ನಿಂತುಬಿಡುತ್ತದೆ.

ಜಿಪಿಎಸ್ ಮಾಪಕಕ್ಕೆ ನೀರಿನ ಸಂಪರ್ಕವೇ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಡಯಲ್ ಇದ್ದ ತೂತಿನಲ್ಲಿಯೇ ಅದು ಕೂತಿತು, ಮತ್ತು 1.7 ಹಾಗೂ 1.9 ಮೈಲಿಯ ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಂಕಿ ಒಂದೆರಡು ಸೆಕೆಂಡು ತಡವಾಗಿ ಬದಲಾಗುವುದರಿಂದ ಥ್ರಾಟಲ್ ತಿರುಗಿಸಿ ಸ್ವಲ್ಪ ಕಾಯಬೇಕು. ಅದು ತೋರಿಸುವುದು ನೆಲದ ಮೇಲಿನ ವೇಗ ಎಂಬುದನ್ನು ಮರೆಯಬಾರದು. ಸೇಂಟ್ ಕ್ಲೇರ್ ನದಿಯಲ್ಲಿ 3 ಮೈಲಿ ವೇಗದ ಹರಿವಿಗೆ ಎದುರಾಗಿ ಅಷ್ಟೇ ವೇಗದಲ್ಲಿ ಸಾಗಿದರೆ ಅಂಕಿ ಸೊನ್ನೆ, ಗಾಳಕ್ಕೆ ಬಡಿಯುವ ನೀರು ಮಾತ್ರ 3 ಮೈಲಿಯದು. ನದಿಯಲ್ಲೇ ಮೀನು ಹಿಡಿಯುವವರಿಗೆ ಚಕ್ರವೇ ವಾಸಿ. ನಾನು ನದಿಗೆ ಹೋಗುವುದು ವರ್ಷಕ್ಕೆ ಎರಡು ಸಲ.

ಹಣ ಬಿಗಿಯಿದ್ದರೆ ಫೋನಿನ ಉಚಿತ ಆ್ಯಪ್ ಸಾಕು. ಪಕ್ಕದಲ್ಲಿಟ್ಟು ನೋಡಿದಾಗ ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಿಸಿಲಿನಲ್ಲಿ ಪರದೆ ಕಾಣದೆ, ಮೀನಿನ ಲೋಳೆ ಹತ್ತಿದ ಬೆರಳಿಗೆ ಅದು ಓಗೊಡದೆ ಹೋದದ್ದರಿಂದಲೇ ನಾನು ಡಯಲ್ಲಿಗೆ ದುಡ್ಡು ಬಿಚ್ಚಿದೆ.