ಸಸ್ಯಶಾಸ್ತ್ರಿ, ತೋಟಗಾರ, ಇಂಜಿನಿಯರ್, ವಕೀಲೆ: ಇವರ ಪುಸ್ತಕಗಳಿಂದ ಶುರು ಮಾಡಿ

ಓದೋಕೆ ಚೆನ್ನಾಗಿರೋ ಕನ್ನಡ ಪುಸ್ತಕ ಯಾವುದು ಅಂತ ಕೇಳಿದರೆ ಬಹಳ ಜನ ಜ್ಞಾನಪೀಠದವರ ಹೆಸರುಗಳನ್ನು ಒಪ್ಪಿಸುತ್ತಾರೆ. ಆ ಹೆಸರುಗಳಲ್ಲಿ ತಪ್ಪೇನಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕವನ್ನೇ ಮುಟ್ಟದವರ ಕೈಗೆ ಏಕಾಏಕಿ 'ಮಲೆಗಳಲ್ಲಿ ಮದುಮಗಳು' ಕೊಟ್ಟರೆ ಏನಾಗುತ್ತೆ ಹೇಳಿ? ಐವತ್ತನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಸಿ ಶೆಲ್ಫಿಗೆ ಸೇರಿಸುತ್ತಾರೆ, ಆಮೇಲೆ ಅದು ಅಲ್ಲೇ ಧೂಳು ತಿನ್ನುತ್ತೆ. ಅಂಥವರಿಗೆ ನಾನು ಹೇಳೋದು ಬೇರೆ. ಹೊಟ್ಟೆಪಾಡಿಗೆ ಇನ್ನೇನೋ ಕೆಲಸ ಮಾಡುತ್ತಾ ಬರೆದವರಿಂದ ಶುರು ಮಾಡಿ. ಅವರ ಹತ್ತಿರ ಹೇಳೋಕೆ ವಿಷಯ ಇರುತ್ತೆ. ದೊಡ್ಡ ಸಾಹಿತ್ಯ ಬರೀಬೇಕು ಅನ್ನೋ ಹಟ ಅಷ್ಟು ಇರೋದಿಲ್ಲ.

ಮೊದಲ ಹೆಸರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಅವರ 'ಹಸುರು ಹೊನ್ನು'ಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅದಕ್ಕೇ ಏನೋ ಜನ ಇದನ್ನು ಗಂಭೀರ ಪುಸ್ತಕ ಅಂದುಕೊಂಡು ದೂರ ಇಟ್ಟಿದ್ದಾರೆ. ಅಸಲಿಗೆ ಇದು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಕತೆ. ಹುಡುಗರ ಪೆದ್ದುತನ, ಮೇಷ್ಟ್ರ ಕೀಟಲೆ, ನಡುನಡುವೆ ಒಂದೊಂದು ಮರ. ಮರದ ವಿಷಯ ಯಾವಾಗ ತಲೆಗೆ ಹೋಯಿತು ಅನ್ನೋದೇ ಗೊತ್ತಾಗೋದಿಲ್ಲ. ಸ್ವಾಮಿ ಕಾಡಿನಲ್ಲಿ ಒಂದು ಹೊಸ ಗಿಡ ಪತ್ತೆ ಮಾಡಿ, ಅದಕ್ಕೆ ಹಾರ್ವರ್ಡ್‌ನಲ್ಲಿ ತಮಗೆ ಪಾಠ ಹೇಳಿದ ಇರ್ವಿಂಗ್ ಬೈಲಿ ಅವರ ಹೆಸರಿಟ್ಟವರು. ಹಾಗಂತ ಎಲ್ಲಾ ಪುಟವೂ ಸಲೀಸು ಅಂತ ನಾನು ಹೇಳೋದಿಲ್ಲ. ಲ್ಯಾಟಿನ್ ಹೆಸರುಗಳು ಬಂದಲ್ಲಿ ಹಾರಿಸಿಕೊಂಡು ಓದಿ, ನಷ್ಟ ಏನಿಲ್ಲ.

ಅದೂ ಉದ್ದ ಅನ್ನಿಸಿದರೆ ಅವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಹಿಡಿಯಿರಿ. ನಮ್ಮದೇ ಅಂದುಕೊಂಡು ತಿನ್ನುವ ಎಷ್ಟೊಂದು ತರಕಾರಿ, ಹಣ್ಣು, ಕಾಳು ಕಡಲು ದಾಟಿ ಬಂದವು ಅನ್ನೋದೇ ಇದರ ವಿಷಯ. ಇದನ್ನು ಓದಿದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಬಂದರೆ ಸುಮ್ನೆ ತಿನ್ನೋಕೆ ಆಗೋದಿಲ್ಲ. ಆಲೂಗಡ್ಡೆ ಪಲ್ಯ ತೆಗೆಯಿರಿ, ಅದು ಅಲ್ಲಿಂದ ಬಂದದ್ದು. ಪಲ್ಯದಲ್ಲಿರುವ ಹಸಿಮೆಣಸಿನಕಾಯಿ, ಅದೂ ಅಲ್ಲಿಯದೇ. ಒಳಗೆ ಸವರಿದ ಕೆಂಪು ಚಟ್ನಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ, ಹೆಸರು ಹಾವೇರಿ ಕಡೆಯದು, ಮೂಲ ಅಮೆರಿಕಾದ್ದು. ಕೊನೆಗೆ ತಟ್ಟೆಯಲ್ಲಿ ಉಳಿಯೋದು ಖಾಲಿ ದೋಸೆ. ಖಾರ ಬೇಕೇ ಬೇಕು ಅಂದರೆ ಕಾಳುಮೆಣಸು ಅರೆದುಕೊಳ್ಳಿ.

ಕಾಳುಮೆಣಸು ಅಂದಾಗ ವಸುಧೇಂದ್ರರ 'ತೇಜೋ ತುಂಗಭದ್ರಾ' ನೆನಪಾಗುತ್ತೆ. ಮೆಣಸಿನ ಆಸೆಗೆ ಪೋರ್ಚುಗೀಸರು ಹಡಗು ಹತ್ತಿದ ಕಾಲದ ಕಾದಂಬರಿ ಇದು. ನಮ್ಮೂರಿಗೆ ಮೆಣಸಿನಕಾಯಿ ತಂದವರೂ ಅವರೇ ಅಲ್ವಾ, ಹಾಗಾಗಿ ಸ್ವಾಮಿ ಪುಸ್ತಕದ ಬೆನ್ನಿಗೇ ಇದನ್ನು ಓದಿದರೆ ಮಜಾ ಜಾಸ್ತಿ. ಒಂದು ಕತೆ ತೇಜೋ ನದಿ ದಡದ ಲಿಸ್ಬನ್‌ನಲ್ಲಿ, ಇನ್ನೊಂದು ತುಂಗಭದ್ರೆಯ ದಡದಲ್ಲಿ. ಗೇಬ್ರಿಯಲ್ ಅನ್ನೋ ಹುಡುಗ ತಾನು ಪ್ರೀತಿಸಿದ ಬೆಲ್ಲಾಳನ್ನು ಬಿಟ್ಟು ದುಡ್ಡು ಮಾಡೋಕೆ ಇಂಡಿಯಾಗೆ ಹೊರಡುತ್ತಾನೆ, ಇತ್ತ ಹಂಪಮ್ಮ ಮತ್ತು ಕೇಶವನ ಬದುಕು ಬೇರೆಯೇ ದಾರಿಯಲ್ಲಿ ಸಾಗುತ್ತಿರುತ್ತೆ, ಎರಡೂ ಎಲ್ಲಿ ಕೂಡುತ್ತವೆ ಅನ್ನೋ ಕುತೂಹಲಕ್ಕೇ ದಪ್ಪ ಪುಸ್ತಕ ಬೇಗ ಮುಗಿಯುತ್ತೆ. ವಸುಧೇಂದ್ರ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು, ಬರವಣಿಗೆಯಲ್ಲೂ ಆ ಅಚ್ಚುಕಟ್ಟು ಕಾಣುತ್ತೆ. ಒಂದು ಎಚ್ಚರಿಕೆ: ಧರ್ಮದ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನು ಅವರು ಮುಚ್ಚಿಟ್ಟು ಹೇಳೋದಿಲ್ಲ. ಮಲಗುವ ಮುಂಚೆ ಓದುವ ಅಭ್ಯಾಸ ಇದ್ದವರು ನೋಡಿಕೊಳ್ಳಿ.

ಥ್ರಿಲ್ಲರ್ ಬೇಕಾ? ತೇಜಸ್ವಿಯವರ 'ಜುಗಾರಿ ಕ್ರಾಸ್'. ಎಲ್ಲರೂ 'ಕರ್ವಾಲೊ' ಹೇಳುತ್ತಾರೆ, ನಾನೂ ಬೇಡ ಅನ್ನೋದಿಲ್ಲ. ಮಂದಣ್ಣನನ್ನೂ ಹಾರುವ ಓತಿಯನ್ನೂ ಯಾರು ತಾನೇ ಬೇಡ ಅಂದಾರು? ಆದರೆ ಒಂದೇ ಸಲಕ್ಕೆ ಓದಿಸಿಕೊಂಡು ಹೋಗೋದರಲ್ಲಿ 'ಜುಗಾರಿ ಕ್ರಾಸ್' ಒಂದು ಕೈ ಮೇಲು. ಸುರೇಶ, ಗೌರಿ ಅನ್ನೋ ಗಂಡ ಹೆಂಡತಿ ಏಲಕ್ಕಿ ವ್ಯವಹಾರಕ್ಕೆ ಅಂತ ಹೊರಡುತ್ತಾರೆ, ಅಷ್ಟೇ. ಕಳ್ಳಸಾಗಣೆಯವರು ಗಂಟುಬೀಳುತ್ತಾರೆ, ಒಂದು ಹಳಗನ್ನಡ ಕಾವ್ಯದ ಒಗಟು ಸೇರಿಕೊಳ್ಳುತ್ತೆ, ರೈಲು ಬರುತ್ತೆ. ಮುಂದಿನದು ಹೇಳೋದಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಮನುಷ್ಯ ಬರೆದದ್ದು ಅನ್ನೋದು ಪ್ರತಿ ಪುಟದಲ್ಲೂ ಗೊತ್ತಾಗುತ್ತೆ: ಬೆಳೆಗಾರ, ದಲ್ಲಾಳಿ, ಡ್ರೈವರ್, ಯಾರ ಬಾಯಲ್ಲೂ ಸುಳ್ಳು ಮಾತಿಲ್ಲ.

ಇದೇ ಜಾತಿಯ ಇನ್ನೊಂದು, ಕೆ.ಎನ್. ಗಣೇಶಯ್ಯನವರ 'ಕರಿಸಿರಿಯಾನ'. ಇವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ವಿಜಯನಗರದ ಸಂಪತ್ತು ಎಲ್ಲಿ ಹೋಯಿತು ಅನ್ನೋದರ ಬೆನ್ನು ಹತ್ತುವ ಕತೆ. ವಿಷಯ ಭರ್ಜರಿ, ಪಾತ್ರಗಳು ಮಾತ್ರ ಸ್ವಲ್ಪ ಲೆಕ್ಚರ್ ಕೊಡುತ್ತವೆ. ಇತಿಹಾಸದ ಹುಚ್ಚಿದ್ದರೆ ಅದು ಅಡ್ಡಿ ಆಗೋದಿಲ್ಲ.

ಒಂದೇ ಸಂಜೆ ಬಿಡುವಿದ್ದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಇವರೂ ಇಂಜಿನಿಯರೇ. ಮಸಾಲೆ ಪುಡಿ ವ್ಯಾಪಾರದಲ್ಲಿ ದಿಢೀರನೆ ದುಡ್ಡು ಕಂಡ ಒಂದು ಬೆಂಗಳೂರಿನ ಮನೆ. ಹಳೇ ಮನೆಯಲ್ಲಿ ಇರುವೆಗಳ ಮೇಲೆ ಮನೆಯವರು ಸಾರುವ ಯುದ್ಧ ಓದುವಾಗ ನಗು ಬರುತ್ತೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಇರುವೆಗಳ ನೆನಪಾಗಿ ಮೈ ಜುಮ್ಮೆನ್ನುತ್ತೆ. ಎಲ್ಲವನ್ನೂ ಬಿಡಿಸಿ ಹೇಳಲಿ ಅನ್ನುವವರಿಗೆ ಕೊನೆ ಹಿಡಿಸಲಿಕ್ಕಿಲ್ಲ. ನನಗೆ ಹಿಡಿಸಿತು.

ಬಾನು ಮುಷ್ತಾಕ್ ಹಾಸನದ ವಕೀಲೆ. ಇವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡ ಬರುವವರೂ ಇಂಗ್ಲಿಷ್ ಪುಸ್ತಕವನ್ನೇ ಕೊಂಡರು, ಅದೇ ಬೇಜಾರು. ಕನ್ನಡದಲ್ಲೇ ಓದಿ ಮಾರಾಯ್ರೇ. ಆದರೆ ಇಡೀ ಪುಸ್ತಕ ಒಂದೇ ದಿನಕ್ಕೆ ಬೇಡ. 'ಒಮ್ಮೆ ಹೆಣ್ಣಾಗು ಪ್ರಭುವೇ' ಥರದ ಕತೆ ಓದಿದ ಮೇಲೆ ಎದ್ದು ಹೋಗಿ ಬೇರೇನಾದರೂ ಕೆಲಸ ಮಾಡಿಕೊಳ್ಳಬೇಕು.

ನನ್ನ ಲೆಕ್ಕಕ್ಕೆ ಹೊರತಾದದ್ದು ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಇವರು ಕವಿ, ಕನ್ನಡ ಮೇಷ್ಟ್ರು, ಬೇರೆ ಕಸುಬಿನವರೇನಲ್ಲ. ಆದರೂ ಬಿಡೋಕೆ ಮನಸ್ಸಿಲ್ಲ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳುತ್ತಿದ್ದಾರೆ, ಅವರಲ್ಲಿ ಒಬ್ಬರು ತನ್ನ ಅಪ್ಪ, ಅದನ್ನು ಚಿಕ್ಕ ಹುಡುಗ ನೋಡುತ್ತಿದ್ದಾನೆ. ಇಷ್ಟನ್ನು ಹೇಳಿ, ದನಿ ಏರಿಸದೆ ಮುಂದೆ ಹೋಗುತ್ತಾರೆ. ಅದೇ ಪುಸ್ತಕದಲ್ಲಿ ಗೊಳ್ ಅಂತ ನಗುವ ಪ್ರಸಂಗಗಳೂ ಬೇಕಾದಷ್ಟಿವೆ. ತೆಳ್ಳಗಿನ ಪುಸ್ತಕ, ಬಸ್ಸಿನಲ್ಲಿ ಓದಬಹುದು, ಅಕ್ಕಪಕ್ಕದವರು ನೋಡಿದರೆ ನೋಡಲಿ.

ಅಪ್ಪ ಅಮ್ಮನಿಗೆ ಕೊಡೋಕೆ, ಅದರಲ್ಲೂ ಮಕ್ಕಳ ಮನೆಗೆ ಅಂತ ಅಮೆರಿಕಾಗೆ ಹೊರಟಿರುವವರಿಗೆ, ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು'. ಎಪ್ಪತ್ತು ದಾಟಿದ ಹೇಮಾವತಿ ದಡದ ಹಿರಿಯರು ಅಮೆರಿಕಾ ನೋಡಿ ಬಂದು ಬರೆದದ್ದು. ಅದು ಹಳೇ ಕಾಲದ ಅಮೆರಿಕಾ, ಈಗಿನ ವಿವರ ಹುಡುಕಬೇಡಿ. ಹೊರದೇಶದಲ್ಲಿದ್ದು ಅಂಗಡಿಗೆ ಹೋಗೋಕೆ ಆಗದವರು ಮೈಲ್ಯಾಂಗ್ ಆ್ಯಪ್ ನೋಡಿ, ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಇವೆ. 'ಹಸುರು ಹೊನ್ನು' ಮಾತ್ರ ಕಾಗದದ ಪುಸ್ತಕವನ್ನೇ ಕೊಳ್ಳಿ. ಸ್ವಾಮಿ ತಾವೇ ಬರೆದ ಗಿಡಗಳ ಚಿತ್ರ ಅದರಲ್ಲಿವೆ, ಫೋನಿನ ಪರದೆಯಲ್ಲಿ ಅವು ಸರಿಯಾಗಿ ಕಾಣೋದಿಲ್ಲ.